ಮೈಲಾರಪ್ಪನ ಹೆಸರಿನಲ್ಲಿದ್ದ ನಾಡಿ

ಗೊಂಡನಕಟ್ಟಿಯ ಮೆಣಸಿನಕಾಯಿ ಪೇಟೆಯಲ್ಲಿ ಕೆಮ್ಮದವರು ಯಾರೂ ಇಲ್ಲ. ಡಿಸೆಂಬರಿನಿಂದ ಮೇ ತನಕ ಅಲ್ಲಿನ ಗಾಳಿಯಲ್ಲಿ ಖಾರ ತೇಲುತ್ತಿರುತ್ತದೆ. ಹೊಸಬರು ಬಸ್ಸಿನಿಂದ ಇಳಿಯುತ್ತಲೇ ಸೀನಲು ಶುರು ಮಾಡುತ್ತಾರೆ. ಹಳಬರು ಮೂಗಿಗೆ ಟವೆಲ್ಲೋ ಸೆರಗೋ ಸುತ್ತಿಕೊಂಡು, ಕಣ್ಣೊರೆಸಿಕೊಳ್ಳುತ್ತಲೇ ಚೀಲ ಹೊರುತ್ತಾರೆ, ತೊಟ್ಟು ಬಿಡಿಸುತ್ತಾರೆ, ಲಾರಿ ತುಂಬುತ್ತಾರೆ. ಹೀಗಿದ್ದ ಊರಿಗೆ ಕಳ್ಳ ಜ್ವರ ಬಂದಾಗ ಬಂದದ್ದೇ ಯಾರಿಗೂ ಗೊತ್ತಾಗಲಿಲ್ಲ.

ಡಾಕ್ಟರುಗಳು ಆ ವೈರಸ್ಸಿಗೆ ಒಂದಿಷ್ಟು ಅಕ್ಷರ, ಒಂದಿಷ್ಟು ಅಂಕೆ ಸೇರಿಸಿ ಹೆಸರಿಟ್ಟಿದ್ದರು. ಕಳ್ಳ ಜ್ವರ ಎಂಬುದು ಜನ ಇಟ್ಟ ಹೆಸರು. ಮೈಗೆ ಹೊಕ್ಕ ಮೇಲೆ ಮೂರ್ನಾಲ್ಕು ದಿನ ಅದು ತಾನಿರುವ ಸುಳಿವನ್ನೇ ಕೊಡುತ್ತಿರಲಿಲ್ಲ. ಮೈ ಬಿಸಿಯಾಗುವುದಿಲ್ಲ, ಕೀಲು ನೋಯುವುದಿಲ್ಲ. ಆ ಮೂರ್ನಾಲ್ಕು ದಿನ ಮಲಗಿ ವಿಶ್ರಾಂತಿ ಪಡೆದವರಿಗೆ ಆಮೇಲೆ ಸಾಧಾರಣ ಜ್ವರ ಬಂದು ವಾರದಲ್ಲಿ ಬಿಟ್ಟುಹೋಗುತ್ತಿತ್ತು. ಮೈಮುರಿದು ದುಡಿದವರಲ್ಲಿ ಮಾತ್ರ ಅದು ಹೃದಯದ ಸ್ನಾಯುವಿಗೆ ಇಳಿಯುತ್ತಿತ್ತು. ಮೊದಲ ವರ್ಷ ಪೇಟೆಯಲ್ಲಿ ಹನ್ನೊಂದು ಜನ ಹಮಾಲರು ಸತ್ತರು. ಎಲ್ಲರೂ ಗಟ್ಟಿಮುಟ್ಟಾದ ಗಂಡಸರು. ಬೆನ್ನ ಮೇಲೆ ಚೀಲ ಇದ್ದಂತೆಯೇ ಮುಗ್ಗರಿಸಿದವರು, ಚೀಲ ಸರಿಸಿ ನೋಡುವಷ್ಟರಲ್ಲಿ ಇರಲಿಲ್ಲ.

ಮರುವರ್ಷ ನಾಡಿಪಟ್ಟಿ ಬಂತು. ಮಣಿಕಟ್ಟಿಗೆ ಕಟ್ಟಿಕೊಳ್ಳುವ ಕಪ್ಪು ರಬ್ಬರಿನ ಪಟ್ಟಿ, ಒಳಮೈಯಲ್ಲಿ ಹಸಿರು ಬೆಳಕಿನ ಎರಡು ಚುಕ್ಕೆ. ಪೇಟೆಯ ನಾನೂರ ಹತ್ತು ಹಮಾಲರಿಗೂ ಒಂದೊಂದು ಕೊಟ್ಟು, ಕಟ್ಟಿಕೊಳ್ಳದವನಿಗೆ ಚೀಲ ಇಲ್ಲ ಎಂಬ ನಿಯಮ ಮಾಡಿದರು. ಹರಾಜು ಕಟ್ಟೆಯ ಮೇಲ್ಮಹಡಿಯಲ್ಲಿ ನಾಡಿ ಕೇಂದ್ರ ತೆರೆಯಿತು. ಅಲ್ಲಿಂದೀಚೆಗಿನ ಮೂರು ವರ್ಷದಲ್ಲಿ ಕಳ್ಳ ಜ್ವರದಿಂದ ಸತ್ತ ಹಮಾಲ ಒಬ್ಬನೇ. ಅವನೂ ಪಟ್ಟಿ ಬಿಚ್ಚಿಟ್ಟು ರಾಣೆಬೆನ್ನೂರಿಗೆ ಲಾರಿ ತುಂಬಲು ಹೋಗಿದ್ದವನು.

ಕೇಂದ್ರದಲ್ಲಿ ಕೆಲಸ ಮಾಡುತ್ತಿದ್ದವರು ಇಬ್ಬರೇ. ಒಬ್ಬರು ರಾಜೇಸಾಬ ನದಾಫ, ಮೂವತ್ತು ವರ್ಷ ಕಂಪೌಂಡರ್ ಆಗಿದ್ದವರು. ಇನ್ನೊಬ್ಬಳು ದಾಕ್ಷಾಯಿಣಿ. ಅವಳು ಹಿಂದೆ ಹನ್ನೆರಡು ವರ್ಷ ಆಶಾ ಕಾರ್ಯಕರ್ತೆಯಾಗಿ ಅದೇ ಊರಿನ ಓಣಿ ಓಣಿ ತಿರುಗಿ ಬಸುರಿಯರ ತೂಕ ನೋಡಿದವಳು, ಎಳೆಮಕ್ಕಳ ಚುಚ್ಚುಮದ್ದಿನ ಲೆಕ್ಕ ಇಟ್ಟವಳು. ನಲವತ್ತೆರಡನೇ ವಯಸ್ಸಿನಲ್ಲಿ ಆರು ತಿಂಗಳ ತರಬೇತಿ ಮುಗಿಸಿ ನಾಡಿ ಓದುವ ಕೆಲಸಕ್ಕೆ ಸೇರಿಕೊಂಡಿದ್ದಳು. ಊರವರ ಬಾಯಲ್ಲಿ ಅವಳು ಮೊದಲಿನಂತೆ ಅಕ್ಕಾರೇ.

ಪಟ್ಟಿ ಏನು ನೋಡುತ್ತದೆ ಎಂದು ಹಮಾಲರು ಮೊದಮೊದಲು ಅವಳನ್ನು ಬಹಳ ಕೇಳುತ್ತಿದ್ದರು. ಅವಳು ಹೀಗೆ ಹೇಳುತ್ತಿದ್ದಳು: ಆರೋಗ್ಯವಂತನ ಹೃದಯ ಗಡಿಯಾರದಂತೆ ಒಂದೇ ಲೆಕ್ಕದಲ್ಲಿ ಬಡಿಯುವುದಿಲ್ಲ. ಉಸಿರು ಒಳಗೆಳೆದುಕೊಂಡಾಗ ಬಡಿತ ಕೊಂಚ ಬೇಗ ಬೀಳುತ್ತದೆ, ಬಿಟ್ಟಾಗ ಕೊಂಚ ತಡವಾಗುತ್ತದೆ. ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವಿನ ಅಂತರ ಹೀಗೆ ಹಿಗ್ಗುತ್ತ ಕುಗ್ಗುತ್ತ ಇರಬೇಕು. ಈ ಏರಿಳಿತ ಚೆನ್ನಾಗಿದೆ ಎಂದರೆ ದೇಹ ನೆಮ್ಮದಿಯಿಂದಿದೆ ಎಂದರ್ಥ. ವೈರಸ್ಸು ಹೊಕ್ಕಾಗ ದೇಹ ಒಳಗೊಳಗೇ ಹೋರಾಟಕ್ಕೆ ಇಳಿಯುತ್ತದೆ. ಆಗ ಹೃದಯ ಬಿಗಿಯುತ್ತದೆ, ಅಂತರಗಳೆಲ್ಲ ಒಂದೇ ಅಳತೆಗೆ ಬರುತ್ತವೆ. ಜ್ವರ ಏರುವುದಕ್ಕೆ ಎರಡು ಮೂರು ದಿನ ಮೊದಲೇ ಇದು ಕಾಣಿಸುತ್ತದೆ. ಹಗಲಲ್ಲಿ ಚೀಲ, ಮೆಟ್ಟಿಲು, ಬಿಸಿಲು, ಜಗಳ ಎಲ್ಲವೂ ನಾಡಿಯಲ್ಲಿ ಬೆರೆಯುವುದರಿಂದ ಪಟ್ಟಿ ಮಲಗಿದ ಹೊತ್ತಿನ ನಾಡಿಯನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತದೆ. ಒಬ್ಬನನ್ನು ಇನ್ನೊಬ್ಬನ ಜೊತೆ ಹೋಲಿಸುವುದಿಲ್ಲ. ಅವನ ಹಿಂದಿನ ಒಂದು ತಿಂಗಳ ಜೊತೆಗೇ ಅವನನ್ನು ತೂಗುತ್ತದೆ. ಏರಿಳಿತ ಒಮ್ಮೆಲೇ ಕುಸಿದರೆ ಬೆಳಿಗ್ಗೆ ಆರಕ್ಕೆ ಪಟ್ಟಿ ಮೂರು ಸಲ ನಡುಗುತ್ತದೆ, ಮೇಸ್ತ್ರಿಯ ಫೋನಿಗೂ ಸಂದೇಶ ಹೋಗುತ್ತದೆ. ಅಲ್ಲಿಗೆ ಆ ಮನುಷ್ಯನಿಗೆ ಐದು ದಿನ ಮಲಗುವ ಸರದಿ.

ಐದು ದಿನಕ್ಕೆ ಅರ್ಧ ಕೂಲಿ ಸಿಗುತ್ತಿತ್ತು. ತೊಂದರೆ ಬಂದದ್ದು ಇಲ್ಲಿಯೇ. ಏರಿಳಿತ ಕುಸಿಯುವುದಕ್ಕೆ ವೈರಸ್ಸೇ ಬೇಕೆಂದಿಲ್ಲ. ಮಿತಿ ಮೀರಿ ದುಡಿದ ದಿನವೂ ಕುಸಿಯುತ್ತದೆ, ಕುಡಿದು ಮಲಗಿದರೂ ಕುಸಿಯುತ್ತದೆ. ಸುಗ್ಗಿಯ ದಿನಗಳಲ್ಲಿ ಹಮಾಲರು ಇವೆರಡನ್ನೂ ಒಟ್ಟಿಗೆ ಮಾಡುತ್ತಿದ್ದರು. ನೂರು ಎಚ್ಚರಿಕೆಗಳಲ್ಲಿ ಮೂವತ್ತು ಸುಳ್ಳಾಗುತ್ತಿದ್ದವು. ಉಳಿದ ಎಪ್ಪತ್ತು ಜೀವ ಉಳಿಸಿದವು ಎಂದು ಧಾರವಾಡದ ಮುಖ್ಯ ಕಚೇರಿಯವರು ಹೇಳುತ್ತಿದ್ದರು, ಅದು ನಿಜವೂ ಆಗಿತ್ತು. ಆದರೆ ಆ ಮೂವತ್ತರಲ್ಲಿ ಬಿದ್ದವನಿಗೆ ಎಪ್ಪತ್ತರ ಮಾತು ರುಚಿಸುತ್ತಿರಲಿಲ್ಲ.

ಮೈಲಾರಪ್ಪ ಬಾರ್ಕಿ ಅಂಥವನೊಬ್ಬ. ನಲವತ್ತರ ಆಸುಪಾಸಿನ ಹಮಾಲ, ಒಳ್ಳೆಯ ಕೆಲಸಗಾರ, ಸಂಜೆ ಒಂದಿಷ್ಟು ಕುಡಿಯುವವನು. ಆ ವರ್ಷ ದೀಪಾವಳಿಯಿಂದ ಡಿಸೆಂಬರ್ ನಡುವಿನ ತನಕ ಅವನಿಗೆ ಮೂರು ಸಲ ಎಚ್ಚರಿಕೆ ಬಂತು, ಮೂರೂ ಸುಳ್ಳು. ಮೂರನೆಯ ಸಲ ಅವನು ಕೇಂದ್ರದ ಮೆಟ್ಟಿಲೇರಿ ಬಂದು, ತನ್ನ ಮೈ ತನಗೆ ಗೊತ್ತಿಲ್ಲವೇ ಎಂದು ರಾಜೇಸಾಬರ ಜೊತೆ ಅರ್ಧ ಗಂಟೆ ವಾದ ಮಾಡಿ ಹೋಗಿದ್ದ. ಆಮೇಲೆ ಅವನಿಂದ ದೂರು ಬರಲಿಲ್ಲ. ಎಚ್ಚರಿಕೆಯೂ ಬರಲಿಲ್ಲ. ಕುಡಿಯುವುದು ಬಿಟ್ಟಿರಬೇಕು ಎಂದು ರಾಜೇಸಾಬರು ಸಂತೋಷಪಟ್ಟರು.

ಫೆಬ್ರವರಿಯ ನಡುವಿನಲ್ಲಿ, ಮುಖ್ಯ ಕಚೇರಿಗೆ ಕಳಿಸಬೇಕಿದ್ದ ಎರಡು ತಿಂಗಳ ವರದಿ ಮಾಡುವಾಗ ದಾಕ್ಷಾಯಿಣಿ ಮೈಲಾರಪ್ಪನ ನಾಡಿಯ ಗೆರೆಯ ಮುಂದೆ ಕೈ ನಿಲ್ಲಿಸಿದಳು. ಡಿಸೆಂಬರ್ ಇಪ್ಪತ್ತರಿಂದ ಅವನ ರಾತ್ರಿಯ ಬಡಿತ ನಿಮಿಷಕ್ಕೆ ಐವತ್ತೆಂಟರಿಂದ ಅರವತ್ತಾರಕ್ಕೆ ಏರಿತ್ತು. ಹೀಗೆ ಬಡಿತ ಏರಿದಾಗ ಏರಿಳಿತ ಇಳಿಯಬೇಕು. ಇವನಲ್ಲಿ ಅದೂ ಏರಿತ್ತು. ಕುಸಿತವನ್ನು ಮಾತ್ರ ಹುಡುಕುವ ಯಂತ್ರ ಇದನ್ನು ಸುಧಾರಣೆ ಎಂದು ಬರೆದುಕೊಂಡು ಸುಮ್ಮನಿತ್ತು. ಅವಳು ಐವತ್ತಾರು ರಾತ್ರಿಗಳನ್ನು ಒಟ್ಟಿಗೆ ತೆರೆಯ ಮೇಲೆ ಹರಡಿ ನೋಡಿದಳು. ಬಡಿತ ಹದಿನೈದು ದಿನ ಒಂದು ಮಟ್ಟದಲ್ಲಿ ಹೋಗಿ, ಆಮೇಲೆ ಮೆಲ್ಲಗೆ ಮೂರ್ನಾಲ್ಕು ಮೇಲೇರಿ, ಇನ್ನೊಂದು ಹನ್ನೆರಡು ಹದಿಮೂರು ದಿನ ಅಲ್ಲೇ ನಿಂತು, ಒಂದೆರಡು ರಾತ್ರಿಯಲ್ಲಿ ಮತ್ತೆ ಕೆಳಗಿಳಿದಿತ್ತು. ಎರಡನೆಯ ತಿಂಗಳೂ ಹಾಗೆಯೇ.

ಹನ್ನೆರಡು ವರ್ಷ ಹೆಣ್ಣುಮಕ್ಕಳ ಮುಟ್ಟಿನ ದಿನ ಲೆಕ್ಕ ಹಾಕಿದ್ದವಳಿಗೆ ಇದು ಏನೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅದು ಗಂಡಸಿನ ನಾಡಿ ಆಗಿರಲಿಲ್ಲ. ಹಗಲು ಪಟ್ಟಿ ಕಟ್ಟಿಕೊಂಡು ಚೀಲ ಹೊರುವ ಮೈಲಾರಪ್ಪ, ಮಲಗುವಾಗ ಅದನ್ನು ಬಿಚ್ಚಿ ಹೆಂಡತಿಯ ಕೈಗೆ ಕಟ್ಟುತ್ತಿದ್ದ.

ಮೈಲಾರಪ್ಪನ ಹೆಂಡತಿ ಕಸ್ತೂರೆವ್ವನನ್ನು ದಾಕ್ಷಾಯಿಣಿ ಹಿಂದಿನಿಂದಲೂ ಬಲ್ಲಳು. ಅವಳ ಎರಡು ಬಾಣಂತನಕ್ಕೂ ಮನೆಗೆ ಹೋಗಿ ಬಂದವಳು. ಕಸ್ತೂರೆವ್ವ ಪೇಟೆಯ ಚಪ್ಪರದಡಿ ತೊಟ್ಟು ಬಿಡಿಸುವ ಆರುನೂರು ಹೆಂಗಸರಲ್ಲಿ ಒಬ್ಬಳು. ಆ ಹೆಂಗಸರಿಗೆ ಪಟ್ಟಿ ಇರಲಿಲ್ಲ. ಕೂತು ಮಾಡುವ ಕೆಲಸ, ಭಾರದ್ದಲ್ಲ ಎಂದು ಮೊದಲ ವರ್ಷವೇ ಮುಖ್ಯ ಕಚೇರಿ ತೀರ್ಮಾನಿಸಿತ್ತು. ಚಪ್ಪರದಡಿ ಕೂತ ಹೆಂಗಸರು ದಿನಕ್ಕೆ ಎಷ್ಟು ಸಲ ಎದ್ದು ಎಷ್ಟು ಭಾರ ಹೊರುತ್ತಾರೆ ಎಂದು ಧಾರವಾಡದಿಂದ ಯಾರೂ ಬಂದು ನೋಡಿರಲಿಲ್ಲ.

ಅವತ್ತು ಸಂಜೆ ಮನೆಯಲ್ಲಿ ರೊಟ್ಟಿ ತಟ್ಟುತ್ತ ದಾಕ್ಷಾಯಿಣಿ ಈ ವಿಷಯವನ್ನು ಹೆಸರು ಹೇಳದೆ ತನ್ನ ತಾಯಿಯ ಮುಂದೆ ಇಟ್ಟಳು. ತಾಯಿ ಗೌರಮ್ಮನಿಗೆ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಮಾತು ಕೇಳಿ ಅವಳು ನಕ್ಕಳು. ಗಂಡ ತನ್ನ ನಿದ್ದೆಯನ್ನೂ ಹೆಂಡತಿಯ ಕೈಲಿ ಮಾಡಿಸುತ್ತಾನಲ್ಲ ಎಂದಳು. ಆಮೇಲೆ ಮಗಳ ಕೈ ತಡವಿ ನೋಡಿ, ಊರಿನ ನಾಡಿಯನ್ನೆಲ್ಲ ನೋಡುವ ನಿನಗೆ ಪಟ್ಟಿ ಯಾಕೆ ಕೊಟ್ಟಿಲ್ಲ ಎಂದು ಕೇಳಿದಳು. ತನ್ನದು ಕುರ್ಚಿಯ ಕೆಲಸ ಎಂದು ದಾಕ್ಷಾಯಿಣಿ ಹೇಳಿದಳು.

ನಿಯಮದ ಪ್ರಕಾರ ಅವಳು ಮರುದಿನವೇ ವರದಿ ಮಾಡಬೇಕಿತ್ತು. ಮಾಡಿದರೆ ಮೈಲಾರಪ್ಪನ ಹೆಸರು ಆ ಸುಗ್ಗಿಗೆ ಹಾಜರಿ ಪುಸ್ತಕದಿಂದ ಹೋಗುತ್ತಿತ್ತು. ಮೂರು ಸಲ ಸುಮ್ಮನೆ ಮನೆಯಲ್ಲಿ ಕೂತವನು, ಮಕ್ಕಳಿಬ್ಬರು ಶಾಲೆಯಲ್ಲಿದ್ದಾರೆ. ಮೇ ತಿಂಗಳಲ್ಲಿ ಸುಗ್ಗಿ ಮುಗಿದ ಮೇಲೆ ಇಬ್ಬರನ್ನೂ ಕೂರಿಸಿಕೊಂಡು ಬುದ್ಧಿ ಹೇಳಿದರಾಯಿತು ಎಂದುಕೊಂಡಳು. ಮೈಲಾರಪ್ಪನಿಗೇ ಜ್ವರ ಬಂದರೆ ಗೊತ್ತಾಗುವುದಿಲ್ಲವಲ್ಲ ಎಂಬ ಅಳುಕು ಇದ್ದೇ ಇತ್ತು. ಹಾಗಾಗಿ ಬೆಳಿಗ್ಗೆ ಹಮಾಲರು ಸಾಲು ನಿಂತಾಗ ಅವನನ್ನೊಂದು ಸಲ ಮಾತಾಡಿಸಿ, ಮುಖ ನೋಡಿ ಒಳಗೆ ಬಿಡುವುದನ್ನು ರೂಢಿ ಮಾಡಿಕೊಂಡಳು. ಕಸ್ತೂರೆವ್ವನ ಬಗ್ಗೆ ಅವಳಿಗೆ ಯಾವ ಅಳುಕೂ ಹುಟ್ಟಲಿಲ್ಲ. ಯಾಕೆ ಹುಟ್ಟಲಿಲ್ಲ ಎಂದು ಆಮೇಲೆ ಎಷ್ಟೋ ದಿನ ಅವಳು ತನ್ನನ್ನು ತಾನು ಕೇಳಿಕೊಂಡಳು.

ಮಾರ್ಚ್ ಮೊದಲ ವಾರ ದಾಕ್ಷಾಯಿಣಿ ನಾಲ್ಕು ದಿನ ರಜೆ ಹಾಕಿ ತಾಯಿಯ ಕಣ್ಣಿನ ಆಪರೇಷನ್‌ಗೆಂದು ಹುಬ್ಬಳ್ಳಿಗೆ ಹೋದಳು. ಬುಧವಾರ ಬೆಳಿಗ್ಗೆ ಒಂಬತ್ತಕ್ಕೆ ಕೇಂದ್ರಕ್ಕೆ ಬಂದಾಗ ರಾಜೇಸಾಬರು ಚಹಾ ತರಿಸಿ, ಆ ವಾರ ಮಲಗಿಸಿದವರ ಹೆಸರು ಓದಿದರು. ಒಟ್ಟು ಏಳು ಜನ. ಐದನೆಯ ಹೆಸರು ಮೈಲಾರಪ್ಪ ಬಾರ್ಕಿ. ಸೋಮವಾರ ಬೆಳಿಗ್ಗೆ ಎಚ್ಚರಿಕೆ ಬಂದಿತ್ತು. ಈ ಸಲ ಮೈಲಾರಪ್ಪ ಜಗಳ ಮಾಡದೆ ಮನೆಯಲ್ಲೇ ಉಳಿದ ಎಂದು ರಾಜೇಸಾಬರು ಮೆಚ್ಚಿಕೊಂಡರು. ಮಂಗಳವಾರ ಅವರೇ ಅವನ ಮನೆಗೆ ಹೋಗಿ ನೋಡಿ ಬಂದಿದ್ದರು. ಜ್ವರ ಇಲ್ಲ, ಆರಾಮಾಗಿದ್ದಾನೆ, ಇದೂ ಸುಳ್ಳು ಎಚ್ಚರಿಕೆಯೇ ಇರಬೇಕು ಎಂಬುದು ಅವರ ಅಂದಾಜು.

ದಾಕ್ಷಾಯಿಣಿ ಚಹಾದ ಲೋಟ ಕೆಳಗಿಟ್ಟು ಗೆರೆ ತೆರೆದಳು. ಭಾನುವಾರ ರಾತ್ರಿ ಏರಿಳಿತ ಮೂರರಲ್ಲಿ ಒಂದು ಭಾಗಕ್ಕೆ ಕುಸಿದಿತ್ತು, ಬಡಿತ ಎಂಬತ್ತು ಮುಟ್ಟಿತ್ತು. ತಿಂಗಳ ಅಲೆಯಲ್ಲಿ ಇಷ್ಟು ಕುಸಿತ ಇರುವುದಿಲ್ಲ. ಸೋಮವಾರ ಮತ್ತು ಮಂಗಳವಾರ ರಾತ್ರಿ ಗೆರೆ ಬೇರೆ ಇತ್ತು: ಬಡಿತ ಐವತ್ತೊಂಬತ್ತು, ನೆಮ್ಮದಿಯ ನಿದ್ದೆ. ಮನೆಯಲ್ಲಿ ಮಲಗಿದವನು ಪಟ್ಟಿಯನ್ನು ತಾನೇ ಕಟ್ಟಿಕೊಂಡಿದ್ದ.

ಅವಳು ಕಪಾಟಿನಿಂದ ಒಂದು ಖಾಲಿ ಪಟ್ಟಿ ತೆಗೆದುಕೊಂಡು ಮೆಟ್ಟಿಲಿಳಿದಳು. ಆಂಬುಲೆನ್ಸಿಗೆ ಫೋನು ಮಾಡಿರಿ, ಕಾರಣ ಆಮೇಲೆ ಹೇಳುತ್ತೇನೆ ಎಂದು ರಾಜೇಸಾಬರಿಗೆ ಹೇಳಿದ್ದಳು.

ಬಾರ್ಕಿಯವರ ಮನೆ ಪೇಟೆಯ ಹಿಂದಿನ ಓಣಿಯಲ್ಲಿಯೇ ಇತ್ತು. ಮೈಲಾರಪ್ಪ ಕಟ್ಟೆಯ ಮೇಲೆ ಚಾಪೆ ಹಾಸಿಕೊಂಡು ಒರಗಿದ್ದ. ಪಕ್ಕದಲ್ಲಿ ಗಂಜಿ ಕುಡಿದಿಟ್ಟ ಬಟ್ಟಲು. ಅಕ್ಕಾರನ್ನು ಕಂಡು ಎದ್ದು ಕೂತ. ಕಸ್ತೂರೆವ್ವ ಎಲ್ಲಿ ಎಂದು ಕೇಳಿದ್ದಕ್ಕೆ ಕೆಲಸಕ್ಕೆ ಹೋಗಿದ್ದಾಳೆ ಎಂದ. ತೊಟ್ಟು ಬಿಡಿಸುವುದಕ್ಕೋ ಎಂದಾಗ ಅಲ್ಲ ಎಂದ. ತನಗೆ ಅರ್ಧ ಕೂಲಿ ಆದ್ದರಿಂದ ಅವಳು ಎರಡು ದಿನದಿಂದ ಕೋಲ್ಡ್ ಸ್ಟೋರೇಜಿಗೆ ಚೀಲ ಏರಿಸುವ ಹೆಂಗಸರ ಗುಂಪಿಗೆ ಸೇರಿದ್ದಾಳೆ ಎಂದು ಹೇಳಿದ.

“ಭಾನುವಾರ ರಾತ್ರಿ ಪಟ್ಟಿ ಯಾರ ಕೈಯಾಗಿತ್ತು?” ಎಂದು ದಾಕ್ಷಾಯಿಣಿ ಕೇಳಿದಳು.

ಅವನು ಮಣಿಕಟ್ಟಿನ ಪಟ್ಟಿಯನ್ನು ಇನ್ನೊಂದು ಕೈಯಿಂದ ಮುಚ್ಚಿಕೊಂಡ.

“ಮೈಲಾರಪ್ಪ, ನಾ ಬೈಯಾಕ ಬಂದಿಲ್ಲ. ಎದ್ದು ಬಾ ನನ್ನ ಕೂಡ.”

ಕೋಲ್ಡ್ ಸ್ಟೋರೇಜು ಪೇಟೆಯ ಪೂರ್ವಕ್ಕಿದೆ. ಮೂರು ಅಂತಸ್ತಿನ ಕಟ್ಟಡ, ಹೊರಗಡೆ ಸಿಮೆಂಟಿನ ಮೆಟ್ಟಿಲು. ತೊಟ್ಟು ತೆಗೆದ ಕಾಯಿ ಹಗುರ ಎನ್ನುತ್ತಾರೆ, ಆದರೂ ಒಂದು ಚೀಲ ಇಪ್ಪತ್ತೈದು ಕಿಲೋ ತೂಗುತ್ತದೆ. ಹತ್ತು ಹನ್ನೆರಡು ಹೆಂಗಸರು ತಲೆಯ ಮೇಲೆ ಸಿಂಬಿ ಇಟ್ಟು, ಅದರ ಮೇಲೆ ಚೀಲ ಹೊತ್ತು ಸಾಲಾಗಿ ಮೇಲೇರುತ್ತಿದ್ದರು. ಕಸ್ತೂರೆವ್ವ ಎರಡನೆಯ ಅಂತಸ್ತಿನ ತಿರುವಿನಲ್ಲಿ ಗೋಡೆಗೆ ಒರಗಿ ನಿಂತಿದ್ದಳು. ಚೀಲ ಇನ್ನೂ ತಲೆಯ ಮೇಲೇ ಇತ್ತು. ಹಿಂದಿನವರು ಅವಳನ್ನು ದಾಟಿಕೊಂಡು ಹೋಗುತ್ತಿದ್ದರು. ಮೈಲಾರಪ್ಪ ಎರಡೆರಡು ಮೆಟ್ಟಿಲು ಹಾರಿ ಹೋಗಿ ಚೀಲ ಇಳಿಸಿಕೊಂಡ. ದಾಕ್ಷಾಯಿಣಿ ಅವಳನ್ನು ಅಲ್ಲೇ ಕೂರಿಸಿ ಕೈಗೆ ಪಟ್ಟಿ ಕಟ್ಟಿದಳು.

ಕಸ್ತೂರೆವ್ವನ ತುಟಿ ಕಪ್ಪಿಟ್ಟಿತ್ತು. ಕಾಲು ಊದಿಕೊಂಡಿದ್ದವು. ಖಾರದ ಘಾಟಿಗೆ ಉಸಿರು ಹಿಡಿದಂತಾಗಿದೆ, ನೀರು ಕುಡಿದರೆ ಸರಿಹೋಗುತ್ತದೆ ಎಂದಳು. ದಾಕ್ಷಾಯಿಣಿಯ ಫೋನಿನಲ್ಲಿ ಅಂಕೆಗಳು ಬೀಳತೊಡಗಿದವು. ಬಡಿತ ನೂರಿಪ್ಪತ್ತೆಂಟು. ಅಂತರಗಳು ಸೆಕೆಂಡಿನ ಸಾವಿರದಲ್ಲೊಂದು ಭಾಗದ ಲೆಕ್ಕದಲ್ಲಿ ನಾನೂರ ಅರವತ್ತೆಂಟು, ನಾನೂರ ಅರವತ್ತೊಂಬತ್ತು, ನಾನೂರ ಅರವತ್ತೆಂಟು, ಮತ್ತೆ ನಾನೂರ ಅರವತ್ತೆಂಟು. ಮೂರು ವರ್ಷದಲ್ಲಿ ಅಷ್ಟು ಸಪಾಟಾದ ನಾಡಿಯನ್ನು ಅವಳು ನೋಡಿರಲಿಲ್ಲ.

ನಡೆಯಲು ಬಿಡಬಾರದು ಎಂದು ಹೇಳಿ, ಮೈಲಾರಪ್ಪ ಮತ್ತು ಇನ್ನೊಬ್ಬ ಹಮಾಲ ಸೇರಿ ಅವಳನ್ನು ಕುರ್ಚಿಯಲ್ಲಿ ಕೂರಿಸಿ ಎತ್ತಿಕೊಂಡು ಇಳಿಯುವಂತೆ ಮಾಡಿದಳು. ಆಂಬುಲೆನ್ಸು ಹರಾಜು ಕಟ್ಟೆಯ ಮುಂದೆ ನಿಂತಿತ್ತು. ಜಿಲ್ಲಾ ಆಸ್ಪತ್ರೆಗೆ ಮೂವತ್ತೈದು ನಿಮಿಷದ ದಾರಿ. ದಾರಿಯುದ್ದಕ್ಕೂ ಆಮ್ಲಜನಕದ ಮುಸುಕಿನೊಳಗಿಂದ ಕಸ್ತೂರೆವ್ವ ಚೀಲದ ಲೆಕ್ಕ ಕೇಳುತ್ತಿದ್ದಳು. ಅರ್ಧಕ್ಕೇ ಬಿಟ್ಟುಬಂದರೆ ಬರೆದುಕೊಳ್ಳುತ್ತಾರೋ ಇಲ್ಲವೋ ಎಂಬ ಚಿಂತೆ ಅವಳದು. ಮೈಲಾರಪ್ಪ ಅವಳ ಪಾದ ಹಿಡಿದುಕೊಂಡು ಕೂತಿದ್ದ.

ರಕ್ತಪರೀಕ್ಷೆಯಲ್ಲಿ ವೈರಸ್ಸು ಸಿಕ್ಕಿತು. ಹೃದಯದ ಸ್ನಾಯು ಉರಿಯೂತಕ್ಕೆ ಕೆಟ್ಟಿರುವ ಗುರುತೂ ಸಿಕ್ಕಿತು. ಪ್ರತಿ ಬಡಿತಕ್ಕೆ ನೂರರಲ್ಲಿ ಅರವತ್ತು ಭಾಗ ರಕ್ತವನ್ನು ಹೊರದೂಡಬೇಕಾದ ಹೃದಯ ಮೂವತ್ತನಾಲ್ಕು ದೂಡುತ್ತಿತ್ತು. ಇನ್ನು ಅರ್ಧ ದಿನ ಮೆಟ್ಟಿಲು ಹತ್ತಿದ್ದರೆ ಏನಾಗುತ್ತಿತ್ತು ಎಂದು ಹೇಳಲು ಡಾಕ್ಟರು ಮಾತು ಶುರುಮಾಡಿ, ಮೈಲಾರಪ್ಪನ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದರು. ಕಸ್ತೂರೆವ್ವ ಹದಿನೇಳು ದಿನ ಆಸ್ಪತ್ರೆಯಲ್ಲಿದ್ದಳು. ಮೊದಲ ನಾಲ್ಕು ದಿನ ಯಾವ ಕಡೆಗೆ ಹೋಗುತ್ತಾಳೆ ಎಂದು ಯಾರಿಗೂ ಹೇಳಲಾಗುತ್ತಿರಲಿಲ್ಲ. ಐದನೆಯ ದಿನ ಎದ್ದು ಕೂತು ಎರಡು ಚಮಚ ಅನ್ನ ತಿಂದಳು.

ಆ ಮಧ್ಯಾಹ್ನ ದಾಕ್ಷಾಯಿಣಿ ಅವಳ ಮಂಚದ ಪಕ್ಕ ಕೂತಿದ್ದಳು. ಮೈಲಾರಪ್ಪ ಔಷಧಿ ತರಲು ಹೋಗಿದ್ದ. ಸೋಮವಾರ ಬೆಳಿಗ್ಗೆ ಪಟ್ಟಿ ನಡುಗಿದಾಗ ಅದು ಯಾರ ಕೈಯಲ್ಲಿತ್ತು ಎಂದು ಅವಳು ಕೇಳಿದಳು. ನನ್ನ ಕೈಯಲ್ಲೇ ಇತ್ತು ಎಂದಳು ಕಸ್ತೂರೆವ್ವ. ಒಲೆಯ ಮುಂದೆ ಕೂತಿದ್ದಳಂತೆ. ಮೂರು ಸಲ ನಡುಗಿತು. ಬಿಚ್ಚಿ ಗಂಡನಿಗೆ ಕೊಟ್ಟಳು. ಅವನು ಯಂತ್ರವನ್ನು ಬೈದ. ಅಷ್ಟರಲ್ಲಿ ಮೇಸ್ತ್ರಿಯ ಫೋನು ಬಂತು, ಮಲಗು ಎಂದರು, ಮಲಗಿದ.

“ಇದು ನನಗ ಬಂದ ಎಚ್ಚರಿಕಿ ಅಂತ ನಿನಗ ಅನಿಸಲಿಲ್ಲೇನು?” ದಾಕ್ಷಾಯಿಣಿಯ ದನಿಯಲ್ಲಿ ತಪ್ಪು ಹಿಡಿಯುವ ಧಾಟಿ ಇರಲಿಲ್ಲ.

ಕಸ್ತೂರೆವ್ವ ಹೊದಿಕೆ ಸರಿಮಾಡಿಕೊಂಡಳು. “ಅನಿಸ್ತ್ರಿ ಅಕ್ಕಾರ. ನನಗ ಗೊತ್ತಿತ್ತು. ಆದ್ರ ಯಾರಿಗೆ ಹೇಳೂದು? ಹೇಳಿದ್ರ ಅವರ ಕೆಲಸ ಹೋಗತಿತ್ತು. ನನಗೇನೂ ರಜಾ ಕೊಡೂರು ಇರಲಿಲ್ಲ.”

ದಾಕ್ಷಾಯಿಣಿ ತಾನು ಎರಡು ವಾರ ಮೊದಲೇ ಎಲ್ಲವನ್ನೂ ಕಂಡುಹಿಡಿದಿದ್ದೆ ಎಂಬುದನ್ನು ಆಗ ಹೇಳಿದಳು. ಹೇಳದೆ ಎದ್ದು ಹೋಗುವುದು ಅವಳಿಂದ ಆಗಲಿಲ್ಲ. ಕಸ್ತೂರೆವ್ವ ಕೇಳಿಸಿಕೊಂಡಳು. ಸಿಟ್ಟಾಗಲಿಲ್ಲ, ಪರವಾಗಿಲ್ಲ ಎಂದೂ ಹೇಳಲಿಲ್ಲ. ಸ್ವಲ್ಪ ನೀರು ಕೊಡಿ ಎಂದು ಮಾತ್ರ ಕೇಳಿದಳು.

ಊರಿಗೆ ಮರಳಿದ ಮೇಲೆ ದಾಕ್ಷಾಯಿಣಿ ಆರು ಪುಟದ ವರದಿ ಬರೆದಳು. ನಿಮ್ಮ ವಿಷಯ ಬರೆಯಬೇಡಿರಿ, ಪಟ್ಟಿ ಬದಲಾದದ್ದು ಈಗ ಗೊತ್ತಾಯಿತೆಂದರೆ ಸಾಕು ಎಂದು ರಾಜೇಸಾಬರು ಬೇಡಿಕೊಂಡರು. ಅವಳು ತನ್ನ ಐವತ್ತಾರು ರಾತ್ರಿಯ ಶೋಧವನ್ನೂ, ಆಮೇಲಿನ ಮೌನವನ್ನೂ ತಾರೀಖು ಸಮೇತ ಬರೆದು ಕಳಿಸಿದಳು.

ಮುಖ್ಯ ಕಚೇರಿಯಿಂದ ಡಾಕ್ಟರ್ ಪ್ರಾಣೇಶ ಗುಡಿ ವಿಚಾರಣೆಗೆ ಬಂದರು. ಯೋಜನೆಯನ್ನು ಮೊದಲಿನಿಂದ ಕಟ್ಟಿದವರು, ಮಾತು ಮೃದು. ಎರಡು ದಿನ ಕೂತು ಹಮಾಲರನ್ನು, ಮೇಸ್ತ್ರಿಗಳನ್ನು ಕೇಳಿದರು. ಕೇಳುತ್ತ ಹೋದಂತೆ ಇಂಥವರು ಮೈಲಾರಪ್ಪ ಒಬ್ಬನೇ ಅಲ್ಲ ಎಂದು ಗೊತ್ತಾಯಿತು. ಇಪ್ಪತ್ತಾರು ಮನೆಗಳಲ್ಲಿ ರಾತ್ರಿಯ ಪಟ್ಟಿ ಹೆಂಡತಿಯ ಕೈಯಲ್ಲೋ ತಾಯಿಯ ಕೈಯಲ್ಲೋ ಇರುತ್ತಿತ್ತು. ಪ್ರಾಣೇಶರು ತಮ್ಮ ಪರಿಹಾರವನ್ನು ಕೇಂದ್ರದಲ್ಲಿ ಕೂತು ವಿವರಿಸಿದರು: ಮುಂದಿನ ಸುಗ್ಗಿಗೆ ಬೀಗದ ಪಟ್ಟಿ ತರಿಸುವುದು, ಕೇಂದ್ರದಲ್ಲಿ ಕೀಲಿ ಹಾಕಿ ಕಟ್ಟುವುದು, ಸುಗ್ಗಿ ಮುಗಿದ ಮೇಲೆ ಇಲ್ಲಿಯೇ ಬಿಚ್ಚುವುದು. ಕೈಗೆ ಬೀಗ ಹಾಕಿಸಿಕೊಂಡು ಹಮಾಲರು ದುಡಿಯುತ್ತಾರೆಯೇ ಎಂದು ರಾಜೇಸಾಬರು ಕೇಳಿದರು. ಜೀವ ಉಳಿಯುತ್ತದಲ್ಲ ಎಂದರು ಪ್ರಾಣೇಶರು.

ದಾಕ್ಷಾಯಿಣಿ ಕುರ್ಚಿ ಮುಂದಕ್ಕೆ ಎಳೆದುಕೊಂಡಳು. “ಸರ್, ಬೀಗ ಹಾಕಿದ್ರ ಮೈಲಾರಪ್ಪನ ನಾಡಿ ಮೈಲಾರಪ್ಪನ ಕೈಯಾಗ ಇರತದ, ಖರೆ. ಆದ್ರ ಮಾರ್ಚ್‌ನ್ಯಾಗ ಜ್ವರ ಬಂದಿದ್ದು ಅವನಿಗಲ್ಲ. ಆ ರಾತ್ರಿ ಪಟ್ಟಿ ಬದಲಿ ಆಗದಿದ್ರ ಕಸ್ತೂರೆವ್ವ ಸತ್ತ ಮ್ಯಾಲೂ ನಮಗ ಕಾರಣ ಗೊತ್ತಾಗತಿರಲಿಲ್ಲ” ಎಂದಳು.

ಪ್ರಾಣೇಶರು ಪೆನ್ನು ಕೆಳಗಿಟ್ಟರು. ಆರುನೂರು ಹೆಂಗಸರಲ್ಲಿ ಹಿಂದಿನ ನಾಲ್ಕು ಸುಗ್ಗಿಯಲ್ಲಿ ಎಷ್ಟು ಜನ ಸತ್ತಿದ್ದಾರೆ ಎಂದು ಕೇಳಿದರು. ಆ ಲೆಕ್ಕ ಕೇಂದ್ರದಲ್ಲಿ ಇರಲಿಲ್ಲ. ಲೆಕ್ಕ ತೆಗೆಯಲು ಒಂದು ವಾರ ಹಿಡಿಯಿತು. ದಾಕ್ಷಾಯಿಣಿ ಹಳೆಯ ಚೀಲ ಹೆಗಲಿಗೆ ಹಾಕಿಕೊಂಡು ಮತ್ತೆ ಓಣಿ ಓಣಿ ತಿರುಗಿದಳು. ಒಂಬತ್ತು ಹೆಸರು ಸಿಕ್ಕವು. ಎಲ್ಲ ಮನೆಗಳಲ್ಲೂ ಖಾರ ನೆತ್ತಿಗೇರಿ ಹೋದಳು, ಉಸಿರು ಕಟ್ಟಿ ಹೋದಳು ಎಂದೇ ಹೇಳಿದರು. ಒಂಬತ್ತರಲ್ಲಿ ಕಳ್ಳ ಜ್ವರದಿಂದ ಹೋದವರು ಎಷ್ಟು ಜನ ಎಂದು ಈಗ ತಿಳಿಯುವ ಉಪಾಯ ಇರಲಿಲ್ಲ. ಅವಳು ಹೆಸರು, ವಯಸ್ಸು, ತಾರೀಖು ಬರೆದು ಪ್ರಾಣೇಶರಿಗೆ ಕಳಿಸಿದಳು.

ಆದದ್ದಿಷ್ಟು. ನಿಯಮ ಮುರಿದದ್ದಕ್ಕೆ ದಾಕ್ಷಾಯಿಣಿಗೆ ಛೀಮಾರಿ ಪತ್ರ ಬಂತು, ಒಂದು ವರ್ಷದ ವೇತನ ಬಡ್ತಿ ನಿಂತಿತು. ಬೀಗದ ಪಟ್ಟಿ ಬರಲಿಲ್ಲ. ಅದರ ಬದಲು ಎಚ್ಚರಿಕೆ ಬಂದ ದಿನವೇ ಬೆರಳಿನ ಒಂದು ಹನಿ ರಕ್ತ ತೆಗೆದು ವೈರಸ್ಸು ಇದೆಯೋ ಇಲ್ಲವೋ ನೋಡುವ ಏರ್ಪಾಡಾಯಿತು. ಇಲ್ಲ ಎಂದು ಬಂದವನು ಒಂದು ದಿನ ಸುಧಾರಿಸಿಕೊಂಡು ಮರುದಿನ ಚೀಲ ಹೊರಬಹುದಿತ್ತು. ಪಟ್ಟಿ ಬದಲಿಸುವುದು ಅದರಿಂದ ಬಹುಮಟ್ಟಿಗೆ ನಿಂತಿತು. ಹೆಂಗಸರಿಗೆ ಇನ್ನೂರು ಪಟ್ಟಿ ಮಂಜೂರಾದವು. ಆರುನೂರು ಜನರಲ್ಲಿ ಇನ್ನೂರು ಜನರನ್ನು ಆರಿಸುವ ಕೆಲಸ ಯಾರಿಗೂ ಬೇಡವಾಗಿತ್ತು. ಕೊನೆಗೆ ಚೀಲ ಹೊರುವವರಿಗೆ ಮೊದಲು ಎಂದು ದಾಕ್ಷಾಯಿಣಿಯೇ ಹೆಸರು ಬರೆದಳು. ತನ್ನ ಹೆಸರು ಸೇರಿಸಲಿಲ್ಲ.

ಮೈಲಾರಪ್ಪನನ್ನು ಆ ಸುಗ್ಗಿಗೆ ಕೆಲಸದಿಂದ ತೆಗೆದರು. ಅವನು ಎರಡು ತಿಂಗಳು ಇಟ್ಟಿಗೆ ಭಟ್ಟಿಗೆ ಹೋದ. ಕುಡಿಯುವುದನ್ನು ಬಿಟ್ಟ, ಮತ್ತೆ ಹಿಡಿದ, ಮೊದಲಿಗಿಂತ ಕಡಿಮೆ ಮಾಡಿದ. ಮನೆಗೆ ನೀರು ಹೊರುವುದು, ಹಿಟ್ಟಿನ ಗಿರಣಿಗೆ ಹೋಗುವುದು ಅವನ ಪಾಲಿಗೆ ಬಂತು. ಓಣಿಯವರು ಮೊದಲು ನಕ್ಕರು, ಆಮೇಲೆ ನೋಡಿ ನೋಡಿ ರೂಢಿಯಾಯಿತು.

ಕಸ್ತೂರೆವ್ವನ ಹೃದಯ ಐದು ತಿಂಗಳಿಗೆ ನೂರಕ್ಕೆ ನಲವತ್ತೆಂಟಕ್ಕೆ ಬಂತು. ಅದಕ್ಕಿಂತ ಮೇಲೆ ಬರುವುದು ಕಷ್ಟ ಎಂದರು. ಮೆಟ್ಟಿಲು, ಭಾರ ಎರಡೂ ಕೂಡದು. ಕೂತು ತೊಟ್ಟು ಬಿಡಿಸಬಹುದು.

ನವೆಂಬರ್ ಕೊನೆಗೆ, ಹೊಸ ಕಾಯಿ ಬರುವ ಮೊದಲು, ಅವಳು ತನ್ನ ಪಟ್ಟಿಯನ್ನು ಕಟ್ಟಿಸಿಕೊಳ್ಳಲು ಕೇಂದ್ರಕ್ಕೆ ಬಂದಳು. ಮೆಟ್ಟಿಲಿನಲ್ಲಿ ನಾಲ್ಕು ಕಡೆ ನಿಂತು ಬಂದದ್ದರಿಂದ ಹದಿನೈದು ನಿಮಿಷ ಹಿಡಿಯಿತು. ಕೆಳಗೇ ಬಂದು ಕಟ್ಟುತ್ತಿದ್ದೆನಲ್ಲ ಎಂದು ದಾಕ್ಷಾಯಿಣಿ ಅಂದಳು. ಒಂದು ಸಲ ನೋಡಬೇಕಾಗಿತ್ತು ಎಂದಳು ಕಸ್ತೂರೆವ್ವ. ಹಸಿರು ಚುಕ್ಕೆ ಚರ್ಮಕ್ಕೆ ಕೂರುವಂತೆ ಪಟ್ಟಿ ಕಟ್ಟಿಯಾದ ಮೇಲೆ ಯಂತ್ರ ಅವಳ ಹಿಂದಿನ ನಾಡಿ ಏನಾದರೂ ಇದೆಯೇ ಎಂದು ಕೇಳಿತು. ಇತ್ತು. ಮೈಲಾರಪ್ಪನ ಹೆಸರಿನಲ್ಲಿದ್ದ ಎಪ್ಪತ್ತೆರಡು ರಾತ್ರಿಗಳನ್ನು ದಾಕ್ಷಾಯಿಣಿ ವಿಚಾರಣೆ ಮುಗಿದ ವಾರವೇ ಬಿಡಿಸಿ, ಕಸ್ತೂರೆವ್ವ ಬಾರ್ಕಿ, ವಯಸ್ಸು ಮೂವತ್ತಾರು ಎಂದು ಬೇರೆ ಮಾಡಿ ಇಟ್ಟಿದ್ದಳು.

ಅದನ್ನು ತೆರೆಯ ಮೇಲೆ ಹರಡಿ ತೋರಿಸಿದಳು. ಕಸ್ತೂರೆವ್ವ ಕುರ್ಚಿ ಎಳೆದುಕೊಂಡು ಹತ್ತಿರದಿಂದ ನೋಡಿದಳು. ಇದೆಲ್ಲ ನಾನೇ ಏನು ಎಂದು ಎರಡು ಸಲ ಕೇಳಿದಳು. ಇದು ಏರಿಳಿತದ ಗೆರೆ, ಮೇಲೆ ಹೋದಷ್ಟೂ ಒಳ್ಳೆಯದು ಎಂದು ದಾಕ್ಷಾಯಿಣಿ ವಿವರಿಸಿದ ಮೇಲೆ ಅವಳ ಬೆರಳು ಗೆರೆಯ ಮೇಲೆ ಸರಿಯುತ್ತ ಹೋಗಿ, ಎಲ್ಲಕ್ಕಿಂತ ಎತ್ತರ ಇದ್ದ ಒಂದು ಕಡೆ ನಿಂತಿತು. ಉಳಿದ ರಾತ್ರಿಗಳಿಗಿಂತ ಅದು ಬಹಳ ಮೇಲಿತ್ತು. ಇದು ಯಾವತ್ತಿನದು ಎಂದು ಕೇಳಿದಳು. ಜನವರಿ ಹತ್ತೊಂಬತ್ತು ಎಂದಳು ದಾಕ್ಷಾಯಿಣಿ.

ಕಸ್ತೂರೆವ್ವ ಮನಸ್ಸಿನಲ್ಲೇ ದಿನ ಎಣಿಸಿದಳು. ಆಮೇಲೆ ಅವಳ ಮುಖ ಸಡಿಲವಾಯಿತು.

“ಅವತ್ತ ನಮ್ಮ ಬಸರಿ ನಾದಿನಿಗೆ ಕುಬಸ ಮಾಡಾಕಂತ ಎಲ್ಲಾರೂ ಹಾನಗಲ್ಲಿಗೆ ಹೋಗಿದ್ರಿ. ಒಂದು ರಾತ್ರಿ ಪಟ್ಟಿ ಖಾಲಿ ಬಿಟ್ರ ನಿಮ್ಮ ಫೋನ್ ಬರತದಂತ ನಾ ಒಬ್ಬಾಕಿ ಉಳಕೊಂಡೆ” ಎಂದಳು. “ಒಲಿ ಹಚ್ಚಲಿಲ್ರಿ. ಚುರಮರಿ ತಿಂದು, ಬಾಗಲಾ ಹಾಕ್ಕೊಂಡು ಮಲಗಿದೆ. ಬೆಳಗಾಗೂತನಾ ಯಾರೂ ಎಬ್ಬಸಲಿಲ್ಲ.”

ಅವಳು ಇನ್ನೂ ಸ್ವಲ್ಪ ಹೊತ್ತು ಅದೇ ಒಂದು ರಾತ್ರಿಯನ್ನು ನೋಡುತ್ತ ಕೂತಳು.